ಈ ಸಿನಿಮಾದ ಔಟ್‌ಟರ್ನ್ ಎಷ್ಟು?

ಭಾಗಮಂಡಲದ ಕಡೆ ಮಳೆ ಹಿಡಿದುಬಿಟ್ಟರೆ ಒಲೆಯ ಮೇಲೆ ಬಟ್ಟೆ ಒಣಗಿಸುವುದು, ಕೂತು ಜಗಳ ಆಡುವುದು, ಇವೆರಡು ಬಿಟ್ಟು ಮನೆಮಂದಿಗೆ ಹೇಳಿಕೊಳ್ಳುವಂಥ ಕೆಲಸ ಇರುವುದಿಲ್ಲ. ಬೇರೆ ಮನೆಗಳಲ್ಲಿ ಜಗಳಕ್ಕೆ ಬಾಣೆ ಜಾಗ, ಬೇಲಿ, ಪಾಲುಪಟ್ಟಿ ಅಂತ ಏನಾದರೂ ಇರುತ್ತದೆ. ನಮ್ಮ ಮನೆಯವರಿಗೆ ಅದರಲ್ಲೆಲ್ಲ ಆಸಕ್ತಿ ಇಲ್ಲ. ನಮ್ಮ ಜಗಳವೆಲ್ಲ ಭೂಮಿ ಬಿಟ್ಟು ಮೇಲೆ, ನಕ್ಷತ್ರಗಳ ನಡುವೆ.

ಇದಕ್ಕೆ ಮೂಲ ಪುರುಷರು ನಮ್ಮ ಮಾವ. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. 1980ರ ದಶಕದಲ್ಲಿ ದೂರದರ್ಶನ ‘ಸ್ಟಾರ್ ಟ್ರೆಕ್’ ಅನ್ನುವ, ಅಂತರಿಕ್ಷದ ಹಡಗಿನಲ್ಲಿ ಗ್ರಹ ಗ್ರಹ ಸುತ್ತುವವರ ಧಾರಾವಾಹಿ ತೋರಿಸುತ್ತಿದ್ದಾಗ ಉತ್ತರದ ಯಾವುದೋ ದಂಡಿನಲ್ಲಿ ನಲವತ್ತು ಜವಾನರ ನಡುವೆ ನೆಲದಲ್ಲಿ ಕೂತು ನೋಡಿದ್ದರಂತೆ. ಈಗ ಮೈದುನ ಅದನ್ನು ದೊಡ್ಡ ಟಿ.ವಿ.ಯಲ್ಲಿ ಹಾಕಿಕೊಟ್ಟಿದ್ದಾನೆ. ಮಾವ ಅದನ್ನು ಕಥೆ ಅಂತ ನೋಡುವುದಿಲ್ಲ, ವಿಚಾರಣೆ ನಡೆಸುತ್ತಾರೆ.

“ಹೊಸ ಗ್ರಹ. ಶತ್ರು ಇದ್ದಾನೋ ಇಲ್ಲವೋ ಗೊತ್ತಿಲ್ಲ. ಕ್ಯಾಪ್ಟನ್, ಅವನ ಸೆಕೆಂಡ್ ಇನ್ ಕಮಾಂಡ್, ಡಾಕ್ಟರು, ಮೂವರೂ ಒಟ್ಟಿಗೆ ಇಳಿದು ಹೋಗ್ತಾರಾ? ಹಡಗು ನೋಡಿಕೊಳ್ಳೋನು ಯಾರು, ಅಡುಗೆಯವನಾ?”

ಕೆಂಪು ಅಂಗಿಯ ಹುಡುಗರ ವಿಷಯ ಬಂದರಂತೂ ಅವರಿಗೆ ತಡೆಯಲಾಗುವುದಿಲ್ಲ. ಆ ಧಾರಾವಾಹಿಯಲ್ಲಿ ಕೆಂಪು ಅಂಗಿ ತೊಟ್ಟು ಜೊತೆಗೆ ಇಳಿದ ಬಡಪಾಯಿ ಬಹಳ ಸಲ ತಿರುಗಿ ಬರುವುದಿಲ್ಲ, ಅಭಿಮಾನಿಗಳ ವಲಯದಲ್ಲಿ ಇದು ಹಳೆಯ ನಗೆಮಾತು. ಮಾವನಿಗೆ ನಗು ಬರುವುದಿಲ್ಲ. “ಅವನ ಮನೆಗೆ ಒಂದು ಟೆಲಿಗ್ರಾಂ ಕಳಿಸಿದ್ದು ಎಲ್ಲಾದರೂ ತೋರಿಸಿದಾರಾ?” ಅಂತ ಕೇಳುತ್ತಾರೆ. ಇಲ್ಲ, ತೋರಿಸಿಲ್ಲ.

ಆದರೆ ಒಂದು ಸಂಗತಿಗೆ ಅವರು ಸೆಲ್ಯೂಟ್ ಹೊಡೆಯುತ್ತಾರೆ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ಈ ಧಾರಾವಾಹಿಗೆ ಆಗಿನ ರೇಟಿಂಗ್ ಲೆಕ್ಕದಲ್ಲಿ ನೋಡುವವರು ಸಾಲದು ಅಂತಾಗಿತ್ತು. ಎರಡನೇ ಸೀಸನ್ನಿಗೇ ಮುಚ್ಚುತ್ತಾರೆ ಅಂತ ಸುದ್ದಿ ಹಬ್ಬಿದಾಗ ಅಭಿಮಾನಿಗಳು ರಾಶಿ ರಾಶಿ ಕಾಗದ ಬರೆದರು. ವಾಹಿನಿ ಮಣಿದು ಮೂರನೇ ಸೀಸನ್ ಕೊಟ್ಟಿತು. ಕೊಟ್ಟಿದ್ದು ಶುಕ್ರವಾರ ರಾತ್ರಿ ಹತ್ತು ಗಂಟೆಗೆ, ಅಂದರೆ ಅದನ್ನು ನೋಡಬೇಕಾದ ಹುಡುಗರೆಲ್ಲ ತಿರುಗಾಡಲು ಹೋಗಿರುವ ಹೊತ್ತಿಗೆ. 1969ರಲ್ಲಿ, 79 ಕಂತಿಗೆ, ಮಂಗಳ ಹಾಡಿದರು. ಆಮೇಲೆ ಮರುಪ್ರಸಾರದಲ್ಲಿ ಅದು ಊರೂರು ಗೆದ್ದಿತು. “ಕಾಗದ ಬರೆದು ಹಡಗನ್ನೇ ಒಂದು ವರ್ಷ ಓಡಿಸಿದ್ರು,” ಅಂತ ಮಾವ ಹೆಮ್ಮೆ ಪಡುತ್ತಾರೆ. ಅವರೂ ನಮ್ಮ ಟ್ರಾನ್ಸ್‌ಫಾರ್ಮರ್ ಬಗ್ಗೆ ಸಂಬಂಧಪಟ್ಟವರಿಗೆ ಕಾಗದ ಬರೆಯುತ್ತಲೇ ಇದ್ದಾರೆ. ಅಮೆರಿಕದವರ ಕೈಬರಹ ಚೆನ್ನಾಗಿತ್ತೋ ಏನೋ.

ಟ್ರಾನ್ಸ್‌ಫಾರ್ಮರ್ ಅಂದೆ. ಜೂನ್ ಬಂತೆಂದರೆ ಎಲ್ಲೋ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಮಲಗುತ್ತದೆ, ಕರೆಂಟು ಹೋಗುತ್ತದೆ, ಇನ್ವರ್ಟರ್ ಅಷ್ಟು ಹೊತ್ತು ಕುಂಯ್ಗುಟ್ಟಿ ಅದೂ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಧಾರಾವಾಹಿಯನ್ನೂ ಯಾರೂ ಸಾಲಾಗಿ ನೋಡಿಲ್ಲ. ಕರೆಂಟು ಇದ್ದಾಗ ಯಾರು ಎಲ್ಲಿದ್ದರೋ ಅವರು ಅಷ್ಟು ನೋಡಿರುತ್ತಾರೆ. ಕೊಲೆಗಾರ ಯಾರು ಅಂತ ಅತ್ತೆಗೆ ಗೊತ್ತು, ಸತ್ತದ್ದು ಯಾರು ಅಂತ ಗೊತ್ತಿಲ್ಲ. ಮೈದುನನಿಗೆ ಇದರಿಂದ ಬಹಳ ಸಂಕಟ. ಅವನ ಪ್ರಾಣ ಇರುವುದು ‘ಫೈರ್‌ಫ್ಲೈ’ ಅನ್ನುವ ಧಾರಾವಾಹಿಯಲ್ಲಿ. 2002ರಲ್ಲಿ ಫಾಕ್ಸ್ ವಾಹಿನಿ ಅದರ ಕಂತುಗಳನ್ನು ಹಿಂದೆ ಮುಂದೆ ಮಾಡಿ ತೋರಿಸಿತು. ಪಾತ್ರಗಳ ಪರಿಚಯ ಮಾಡಿಕೊಡಬೇಕಿದ್ದ ಮೊದಲ ಕಂತನ್ನು ಕೊನೆಗೆ ಹಾಕಿತು. ಹದಿನಾಲ್ಕು ತಯಾರಿಸಿದ್ದರಲ್ಲಿ ಹನ್ನೊಂದು ತೋರಿಸಿ ಬಾಗಿಲು ಎಳೆಯಿತು. ಅದನ್ನು ಹೇಳುವಾಗ ಅವನ ಗಂಟಲು ಕಟ್ಟುತ್ತದೆ. “ಅದಕ್ಕೇನೀಗ,” ಅಂದರು ಅತ್ತೆ, “ಅಲ್ಲೂ ಮಳೆ ಬಂದಿರಬೇಕು.”

ಅತ್ತೆಯನ್ನು ಕಡೆಗಣಿಸುವಂತಿಲ್ಲ. ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿ ಶುರುವಾದದ್ದು 1963ರಲ್ಲಿ, ನಾಯಕ ಸಾಯುವ ಹೊತ್ತಿಗೆ ಬೇರೆ ದೇಹ ತಾಳುತ್ತಾನೆ, 1966ರಲ್ಲಿ ಮೊದಲ ನಟನಿಗೆ ಮೈ ಸರಿಯಿಲ್ಲದೆ ಈ ಉಪಾಯ ಹೂಡಿದರು, ಆಮೇಲೆ ಅದೇ ಕಥೆಯ ಜೀವಾಳವಾಯಿತು ಅಂತ ಮೈದುನ ಭಕ್ತಿಯಿಂದ ವಿವರಿಸಿದ. ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. “ನಮ್ಮ ಏಳೂವರೆ ಧಾರಾವಾಹಿಯಲ್ಲಿ ಸೊಸೆ ಬದಲಾದ್ಲು. ಕೆಳಗೆ ಒಂದು ಪಟ್ಟಿ ಹಾಕಿದ್ರು, ‘ಇನ್ನು ಮುಂದೆ ಈ ಪಾತ್ರದಲ್ಲಿ ಇವರು’ ಅಂತ. ಗಂಡನೂ ಏನೂ ಕೇಳಲಿಲ್ಲ. ಅಷ್ಟಕ್ಕೆ ಅರವತ್ತು ವರ್ಷ ಬೇಕಾಯ್ತಾ ಮಾರಾಯ ನಿನ್ನ ಡಾಕ್ಟರಿಗೆ?”

ಇನ್ನು ರೇಟಿಂಗ್. ಮೈದುನ ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ದುಡಿಯುತ್ತಾನೆ, ಕೊಟ್ಟಿಗೆ ಪಕ್ಕದ ಹಲಸಿನ ಮರದಡಿ, ಯಾಕೆಂದರೆ ಸಿಗ್ನಲ್ ಇರುವುದು ಅಲ್ಲಿ. ಸಿನಿಮಾಗಳಿಗೆ ಜನ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ 7.5ರ ಕೆಳಗಿನದನ್ನು ಅವನು ಕಣ್ಣೆತ್ತಿಯೂ ನೋಡುವವನಲ್ಲ. 7.4ರ ಸಿನಿಮಾ ನೋಡಿ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಇವನು ಒಳಗೆ ಕೂತು 8.3ರದ್ದೊಂದನ್ನು ನೋಡುತ್ತಾ ಆಕಳಿಸುತ್ತಿರುತ್ತಾನೆ. ಆಕಳಿಕೆಗೂ ಒಂದು ಅಂತಸ್ತು ಬೇಕು.

ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಸರಾಸರಿಯನ್ನು ಹೀಗೆ ದೇವರ ಪಟದ ಪಕ್ಕ ಇಟ್ಟು ಪೂಜೆ ಮಾಡಿದರೆ ಸುಮ್ಮನಿರುವುದು ಹೇಗೆ? ಐಎಂಡಿಬಿ ತೋರಿಸುವುದು ಎಲ್ಲ ಮತಗಳ ಸಾದಾ ಸರಾಸರಿ ಅಲ್ಲ, ಮತಗಳಿಗೆ ತೂಕ ಕಟ್ಟಿ ತೆಗೆದ ಅಂಕಿ, ಆ ತೂಕ ಹೇಗೆ ಕಟ್ಟುತ್ತಾರೆ ಅನ್ನುವುದನ್ನು ಅವರು ಪೂರ್ತಿ ಬಿಟ್ಟುಕೊಡುವುದಿಲ್ಲ ಅಂದೆ. ಅಂಕಿ ನೋಡಬೇಡ, ಅದರ ಕೆಳಗೆ ಹತ್ತು ಕೊಟ್ಟವರೆಷ್ಟು, ಒಂದು ಕೊಟ್ಟವರೆಷ್ಟು ಅನ್ನುವ ಕಂಬಗಳಿರುತ್ತವಲ್ಲ, ಅದನ್ನು ನೋಡು ಅಂದೆ. ಮೊದಲ ದಿನದ ಮೊದಲ ಆಟಕ್ಕೆ ಹೋಗುವವರು ಮನೆಯಿಂದ ಹೊರಡುವಾಗಲೇ ಹತ್ತು ಕೊಟ್ಟು ಹೊರಟಿರುತ್ತಾರೆ, ಆಗದವರು ಸಿನಿಮಾಕ್ಕೆ ಹೋಗದೆಯೇ ಒಂದು ಒತ್ತಿರುತ್ತಾರೆ ಅಂದೆ. ಅವನು, “ಅತ್ತಿಗೆ, ರಾಟನ್ ಟೊಮ್ಯಾಟೋಸ್‌ನಲ್ಲಿ ಶೇಕಡಾ 96 ಇದೆ, ಅದಕ್ಕೇನಂತೀರಿ?” ಅಂತ ಬೇರೆ ಕೋವಿ ತೆಗೆದ.

ಅದು ಇನ್ನೂ ತಮಾಷೆ. ರಾಟನ್ ಟೊಮ್ಯಾಟೋಸ್ ಅಂದರೆ ವಿಮರ್ಶೆಗಳನ್ನು ಒಟ್ಟು ಹಾಕುವ ಜಾಲತಾಣ, ಆ 96 ಸಿನಿಮಾಕ್ಕೆ ಸಿಕ್ಕ ಅಂಕವೇ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ‘ಆಗಬಹುದು’ ಅಂದರು ಅನ್ನುವ ಲೆಕ್ಕ. ನೂರಕ್ಕೆ ನೂರೂ ಜನ ಮೂಗು ಮುರಿಯದೆ ‘ಪರವಾಗಿಲ್ಲ’ ಅಂದರೂ ಶೇಕಡಾ ನೂರು ಬರುತ್ತದೆ. ಪ್ರೇಕ್ಷಕರಿಗೆ ಅಲ್ಲಿ ಬೇರೆ ಅಳತೆ ಇದೆ, ಗುರುತು ಪಾಪ್‌ಕಾರ್ನ್ ಡಬ್ಬಿ. ಇದನ್ನು ಕೇಳಿ ಅತ್ತೆ ಮೊದಲ ಸಲ ಬೆಳ್ಳುಳ್ಳಿ ಕೆಳಗಿಟ್ಟರು. “ಹಾಗಾದರೆ ನನ್ನ ಉಪ್ಪಿಟ್ಟಿಗೂ ನೂರು. ಈ ಮನೆಯಲ್ಲಿ ಅದಕ್ಕೆ ‘ಪರವಾಗಿಲ್ಲ’ ಅನ್ನದವರು ಯಾರಿದ್ದೀರಿ?” ಯಾರೂ ಇರಲಿಲ್ಲ. ಇದ್ದರೂ ಹೇಳುವ ಧೈರ್ಯ ಇರಲಿಲ್ಲ.

ವಿಮರ್ಶಕರು ಒಂದು ಕಡೆ, ಜನ ಒಂದು ಕಡೆ ಆಗುವುದು ಮಾವನಿಗೆ ಹೊಸತಲ್ಲ. ಮಡಿಕೇರಿ ದಸರಾ ನೋಡಿ ಬೆಳೆದವರು ಅವರು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಎರಡಾಳೆತ್ತರದ ರಾಕ್ಷಸ ಕತ್ತು ತಿರುಗಿಸುತ್ತಾನೆ, ಹೊಗೆ ಏಳುತ್ತದೆ, ದೇವಿ ಮೇಲಿಂದ ಇಳಿದು ಬರುತ್ತಾಳೆ. ಬೆಳಗಿನ ಜಾವ ಬಹುಮಾನ ಹೇಳಿದ ಮೇಲೆ ತೀರ್ಪಿನ ಬಗ್ಗೆ ನಡೆಯುವ ಚರ್ಚೆ ಮುಂದಿನ ದಸರಾಕ್ಕೂ ಮುಗಿದಿರುವುದಿಲ್ಲ. ಹಾಲಿವುಡ್ಡಿನ ಯಾವ ಗ್ರಾಫಿಕ್ಸ್ ತೋರಿಸಿದರೂ ಮಾವ ಒಂದೇ ಪ್ರಶ್ನೆ ಕೇಳುತ್ತಾರೆ: “ಇದು ಮಂಟಪಕ್ಕೆ ಸಮ ಆಯ್ತಾ?” ಬಹಳ ಸಲ ಆಗಿರುವುದಿಲ್ಲ.

ಈ ಎಲ್ಲ ಗಲಾಟೆಯಲ್ಲಿ ಬಾಯಿ ಬಿಡದವರು ನನ್ನ ಯಜಮಾನರು. ತೋಟ ನೋಡಿಕೊಳ್ಳುತ್ತಾರೆ. ಅವರ ಹತ್ತಿರ ಇರುವ ಅಳತೆ ಒಂದೇ, ಓಟಿ. ಔಟ್‌ಟರ್ನ್. ಕಾಫಿ ಬೆಳೆಯುವವರಿಗೆ ವಿವರಿಸಬೇಕಾಗಿಲ್ಲ, ಬರೀ ಕುಡಿಯುವವರಿಗೆ ಹೇಳುತ್ತೇನೆ: ಒಣಗಿದ ಚೆರ್ರಿಯ 50 ಕೆ.ಜಿ. ಮೂಟೆಯಲ್ಲಿ ಸಿಪ್ಪೆ ಹೋಗಿ ಬೀಜ ಎಷ್ಟು ಕೆ.ಜಿ. ಉಳಿಯುತ್ತದೆ ಅನ್ನುವುದೇ ಓಟಿ. ರೋಬಸ್ಟಾಗೆ 26, 27 ಬಂದರೆ ಸರಿ, 28 ಬಂದರೆ ಯಜಮಾನರು ಬರುವಾಗ ಮೀನು ತರುತ್ತಾರೆ. ವ್ಯಾಪಾರಿ ಮೂಟೆಯೊಳಗೆ ಕೈ ಹಾಕಿ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಉಫ್ ಅಂತ ಊದಿ, ತಕ್ಕಡಿಗೆ ಹಾಕುವ ಆ ಹೊತ್ತಿನಲ್ಲಿ ಇವರು ಉಸಿರು ಬಿಡುವುದಿಲ್ಲ. ಸಿನಿಮಾಕ್ಕೂ ಇದೇ ಲೆಕ್ಕ. ಅದು ಬಹಳ ಹೊಗಳಿಸಿಕೊಂಡ ಬಾಹ್ಯಾಕಾಶದ ಸಿನಿಮಾ ಆಗಿದ್ದರೂ ಸರಿ, ಮುಗಿದ ಮೇಲೆ, “ಮೂಟೆ ದೊಡ್ಡದು. ಸಿಪ್ಪೆ ಜಾಸ್ತಿ,” ಅಂತ ಎದ್ದು ಹೋಗುತ್ತಾರೆ. ನನ್ನ ಸಂಖ್ಯಾಶಾಸ್ತ್ರಕ್ಕಿಂತ ಇದು ವಾಸಿ ಅಂತ ನನಗೆ ಅನ್ನಿಸಿದ್ದುಂಟು. ಅವರಿಗೆ ಹೇಳಿಲ್ಲ.

ಹೀಗಿರುವಾಗ ಆಗಸ್ಟಿನಲ್ಲಿ ಒಂದು ಅಂತರಿಕ್ಷದ ಚಿತ್ರ ಬಂತು. ರೇಟಿಂಗ್ 8.9. ಮೈದುನ ಮೈಸೂರಿನಲ್ಲಿ ತ್ರೀಡಿ ಆಟಕ್ಕೆ ಐದು ಟಿಕೆಟ್ ತೆಗೆದೇಬಿಟ್ಟ. ಸುಮಾರು ನೂರೈವತ್ತು ಕಿಲೋಮೀಟರ್ ದಾರಿ, ಜೀಪಿನಲ್ಲಿ, ಮಳೆಯಲ್ಲಿ, ಅತ್ತೆಯ ಕಡುಬಿನ ಡಬ್ಬಿಯ ಸಮೇತ. ಮಡಿಕೇರಿ ದಾಟಿ, ಸುಂಟಿಕೊಪ್ಪ ದಾಟಿ, ಆನೆಕಾಡಿಗೆ ಬಂದರೆ ಹೆಸರಿಗೆ ತಕ್ಕಂತೆ ರಸ್ತೆಯಲ್ಲಿ ಆನೆ. ಒಂಟಿ ಸಲಗ. ಅದಕ್ಕೆ ಆಟ ಎಷ್ಟು ಗಂಟೆಗೆ ಅಂತ ಯಾರು ಹೇಳಬೇಕು? ಎರಡೂ ಕಡೆ ವಾಹನಗಳು ಸಾಲುಗಟ್ಟಿದವು. ಮೈದುನ ಗಡಿಯಾರ ನೋಡಿದ, ಅತ್ತೆ ಗಣಪತಿಗೆ ಕೈ ಮುಗಿದರು, ಮಾವ ಹಿಂದೆ ಇಳಿದು ಹುಲ್ಲಿನ ಬದಿಗೆ ಒಂದು ತುರ್ತು ಕೆಲಸಕ್ಕೆ ಹೋಗಿ ಬಂದರು. ಆ ಹುಲ್ಲಿನಲ್ಲೇ ಆರನೆಯ ಪ್ರಯಾಣಿಕ ಟಿಕೆಟ್ ಇಲ್ಲದೆ ಹತ್ತಿದ್ದು.

ನಾವು ಒಳಗೆ ಹೋಗುವಾಗ ಸಿನಿಮಾ ಅರ್ಧದ ಹತ್ತಿರ ಬಂದಿತ್ತು. ಎ.ಸಿ. ಚಳಿ ಎಂಥದ್ದೆಂದರೆ ಪುಷ್ಯದಲ್ಲಿ ತಲಕಾವೇರಿಯಲ್ಲೂ ನಾನು ಹಾಗೆ ನಡುಗಿಲ್ಲ. ಅತ್ತೆ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಕೂರದೆ, ಒಂದನ್ನು ತೆಗೆದು ಇನ್ನೊಂದು ಹಾಕಿಕೊಂಡು, “ಎಲ್ಲಾ ಉಬ್ಬಿ ಬರ್ತದೆ, ಆದ್ರೆ ಯಾರು ಅಂತ ಕಾಣಲ್ಲ,” ಅಂದರು. ಯಜಮಾನರು ಕೂತ ಕೂಡಲೇ ನಿದ್ದೆ ಹೋದರು. ಪರದೆಯ ಮೇಲೆ ಯಾನಿಗಳು ಹಡಗಿನೊಳಗೆ ಯಾವುದೋ ಜೀವಿ ನುಸುಳಿದೆ ಅಂತ ಟಾರ್ಚು ಹಿಡಿದು ಹುಡುಕುತ್ತಿದ್ದರು. ಸಂಗೀತ ನಿಂತಿತು. ಸಭಾಂಗಣ ಉಸಿರು ಹಿಡಿಯಿತು.

ಆಗ ಮಾವನ ಪಕ್ಕದ ಸೀಟಿನ ಹುಡುಗಿ ಕಿಟಾರನೆ ಕಿರುಚಿದಳು.

ಜನ ಶಿಳ್ಳೆ ಹೊಡೆದರು, ಸಿನಿಮಾ ಅಂಥಾ ಪರಿಣಾಮ ಮಾಡಿದೆ ಅಂತ. ನಾನು ಮೊಬೈಲ್ ಬೆಳಕು ಹಾಕಿದೆ. ಮಾವನ ಬಿಳಿ ಕಾಲುಚೀಲ ಕೆಂಪಾಗಿದೆ. ಕುಡಿದು ಕಿರುಬೆರಳಷ್ಟು ದಪ್ಪವಾದ ಜಿಗಣೆ, ಅವರನ್ನು ಬಿಟ್ಟು, ಸೀಟಿನ ಕೈಯ ಮೇಲೆ ಮೈ ಬಾಗಿಸಿ ಎತ್ತಿ, ಬಾಗಿಸಿ ಎತ್ತಿ, ಆ ಹುಡುಗಿಯ ಕಡೆಗೆ ಸಾವಧಾನವಾಗಿ ಹೋಗುತ್ತಿದೆ. ತ್ರೀಡಿ ಕನ್ನಡಕದಲ್ಲಿ ಅದು ಎಷ್ಟು ದೊಡ್ಡದಾಗಿ ಕಂಡಿತೋ ಪಾಪ.

“ಏನಿಲ್ಲ ಮಗಾ, ಜಿಗಣೆ. ಹೆದರಬೇಡ,” ಅಂದರು ಮಾವ, ತೋಟದಲ್ಲಿ ಹೇಳುವ ದನಿಯಲ್ಲಿ. ಆಮೇಲೆ ಅವಳ ಪಾಪ್‌ಕಾರ್ನ್ ಡಬ್ಬಿಗೆ ಕೈ ಹಾಕಿ, ತಳದ ಉಪ್ಪನ್ನು ಕೆರೆದು, ಒಂದು ಚಿಟಿಕೆ ತೆಗೆದು ಅದರ ಮೇಲೆ ಉದುರಿಸಿದರು. ಅದು ಮುದುಡಿ ಕೆಳಗೆ ಬಿತ್ತು. ಸಿಬ್ಬಂದಿ ಟಾರ್ಚು ಹಿಡಿದು ಓಡಿ ಬಂದರು. ಪರದೆಯ ಮೇಲೂ ಟಾರ್ಚು, ಕೆಳಗೂ ಟಾರ್ಚು. ಮಾವ ಉಳಿದ ಪಾಪ್‌ಕಾರ್ನ್ ಹಿಂದಿರುಗಿಸಿದರು. ಅವಳು ಬೇಡ ಅಂದಳು. ಮಾವನಿಗೆ ಖುಷಿಯಾಯಿತು.

ತಿರುಗಿ ಬರುವಾಗ ಕುಶಾಲನಗರದ ಹತ್ತಿರ ಮೈದುನನ ಮೊಬೈಲು ‘ಚಿತ್ರ ಹೇಗಿತ್ತು?’ ಅಂತ ಕೇಳಿತು. ಮಾವ ಹತ್ತಕ್ಕೆ ಹತ್ತು ಅಂದರು. ಕಾರಣ, ಇಡೀ ಸಿನಿಮಾದಲ್ಲಿ ಕ್ಯಾಪ್ಟನ್ ಹಡಗು ಬಿಟ್ಟು ಇಳಿಯಲಿಲ್ಲ. (ಮೊದಲಾರ್ಧದಲ್ಲಿ ಇಳಿದಿದ್ದನಂತೆ, ನಾವು ಆನೆಕಾಡಿನಲ್ಲಿದ್ದಾಗ.) ಅತ್ತೆ ಚಳಿಗೆ ಎರಡು ಕೊಟ್ಟರು. ಮೈದುನ ಒಂಬತ್ತು. ಅವನು ಅದನ್ನು ಟಿಕೆಟ್ ತೆಗೆಯುವಾಗಲೇ ತೀರ್ಮಾನಿಸಿದ್ದ. ನಾನು ಮನಸ್ಸಿನಲ್ಲೇ ಕೂಡಿ ಮೂರರಿಂದ ಭಾಗಿಸಿದೆ. ಸರಿಯಾಗಿ ಏಳು ಬಂತು. ಏಳು ಅಂದವರು ಆ ಜೀಪಿನಲ್ಲಿ ಒಬ್ಬರೂ ಇರಲಿಲ್ಲ. ಯಜಮಾನರು ಸ್ಟೀರಿಂಗ್ ಹಿಡಿದು, “ಓಟಿ ಹತ್ತೊಂಬತ್ತು. ಸರಿಯಾಗಿ ಒಣಗಿಸಿಲ್ಲ,” ಅಂದರು. ನಿದ್ದೆ ಮಾಡಿದವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಮಾದರಿಗೆ ಇಡೀ ಮೂಟೆ ಕುಟ್ಟಬೇಕಾಗಿಲ್ಲ ಅಂದರು.

ಅತ್ತೆ ಬರೀ ಅಂಕಿ ಕೊಟ್ಟು ಸುಮ್ಮನಾಗಲಿಲ್ಲ, ಬರೆಯಬೇಕು ಅಂದರು. ಅವರು ಹೇಳಿದ್ದನ್ನು ಮೈದುನ ಹಲ್ಲು ಕಚ್ಚಿ ಹಾಗೇ ಟೈಪ್ ಮಾಡಿ ಹಾಕಿದ: “ಎ.ಸಿ. ಬಹಳ. ಸ್ವೆಟರ್ ತನ್ನಿ. ಜಿಗಣೆ ಬಂದಾಗ ಚೆನ್ನಾಗಿತ್ತು. ಮೊದಲಾರ್ಧ ಆನೆಯಿಂದಾಗಿ ಹಾಳಾಯಿತು.”

ವಾರ ಕಳೆಯುವುದರೊಳಗೆ ಅವನ ಅಚ್ಚುಕಟ್ಟಾದ ನಾಲ್ಕು ಪ್ಯಾರಾ ವಿಮರ್ಶೆಯನ್ನು ಯಾರೂ ಮೂಸಿ ನೋಡಿರಲಿಲ್ಲ. ಅತ್ತೆಯದಕ್ಕೆ ‘ಉಪಯುಕ್ತ’ ಅಂತ ಜನ ಒತ್ತುತ್ತಲೇ ಇದ್ದರು. ಪುಣ್ಯಾತ್ಮನೊಬ್ಬ ತನ್ನ ವಿಮರ್ಶೆಯಲ್ಲಿ, ಆನೆಯ ಗ್ರಾಫಿಕ್ಸ್ ನನಗೇನೂ ಕಳಪೆ ಅನ್ನಿಸಲಿಲ್ಲ, ಅಂತ ಬರೆದು ಎಂಟು ಕೊಟ್ಟಿದ್ದ.