ವಾಲ್ಟರ್ ಬ್ರೆನನ್‌ನ ಮೂರು ಆಸ್ಕರ್, ನಮ್ಮ ಪೋಷಕ ನಟರ ಕಾಣೆಯಾದ ಲೆಕ್ಕ

ನಟನೆಯಲ್ಲಿ ನಮ್ಮ ಪೋಷಕ ನಟರು ಯಾರಿಗೂ ಕಮ್ಮಿಯಿರಲಿಲ್ಲ. ಅವರ ಕೆಲಸವನ್ನು ಬರೆದಿಡುವುದರಲ್ಲಿ ಮಾತ್ರ ನಾವು ಬಹಳ ಹಿಂದೆ ಬಿದ್ದಿದ್ದೇವೆ. ಲಾಸ್ ಏಂಜಲೀಸ್‌ನಲ್ಲಿದ್ದುಕೊಂಡು ಹಳೆಯ ಹಾಲಿವುಡ್ ಚಿತ್ರಗಳನ್ನೂ ಹಳೆಯ ಕನ್ನಡ ಚಿತ್ರಗಳನ್ನೂ ನೋಡುವ ನನಗೆ ಈ ಅಂತರ ಎದ್ದು ಕಾಣುವುದು ವಾಲ್ಟರ್ ಬ್ರೆನನ್ ಎಂಬ ನಟನ ವಿಷಯದಲ್ಲಿ.

ಬ್ರೆನನ್ ಹುಟ್ಟಿದ್ದು 1894ರಲ್ಲಿ, ಮ್ಯಾಸಚೂಸೆಟ್ಸ್‌ನ ಲಿನ್ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಸೈನಿಕನಾಗಿ ಫ್ರಾನ್ಸ್‌ನಲ್ಲಿದ್ದ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ಸೈಟು ವ್ಯಾಪಾರದಲ್ಲಿ ದುಡ್ಡು ಮಾಡಿ, ಬೆಲೆ ಕುಸಿದಾಗ ಅಷ್ಟನ್ನೂ ಕಳೆದುಕೊಂಡ. ಹೊಟ್ಟೆಪಾಡಿಗೆ ಸ್ಟುಡಿಯೊಗಳಲ್ಲಿ ದಿನಗೂಲಿ ಎಕ್ಸ್‌ಟ್ರಾ ಆದ. 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ನಲ್ಲಿ ಸೈಕಲ್ ಕಳೆದುಕೊಳ್ಳುವವನು, 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ನಲ್ಲಿ ನೆರೆಮನೆಯವನು. ಎರಡರಲ್ಲೂ ತೆರೆಯ ಮೇಲೆ ಹೆಸರಿಲ್ಲ.

ಈ ನಡುವೆ ಅಪಘಾತವೊಂದರಲ್ಲಿ ಮುಂದಿನ ಹಲ್ಲುಗಳು ಹೋದವು. ಅದೇ ಅವನ ಬಂಡವಾಳವಾಯಿತು. ನಿರ್ದೇಶಕ ಹೊವರ್ಡ್ ಹಾಕ್ಸ್ ಹೇಳುತ್ತಿದ್ದ ಪ್ರಸಂಗ ಪ್ರಸಿದ್ಧ. ‘ಬಾರ್ಬರಿ ಕೋಸ್ಟ್’ ಚಿತ್ರಕ್ಕೆ ಮಾತು ಒಪ್ಪಿಸು ಎಂದಾಗ, ಇದ್ದುಕೊಂಡೋ ಇಲ್ಲದೆಯೋ ಎಂದು ಬ್ರೆನನ್ ಕೇಳಿದ. ಏನು ಎಂದರೆ, ಹಲ್ಲು ಎಂದ. ಕಟ್ಟಿಸಿಕೊಂಡ ಹಲ್ಲಿನ ಮೇಲಿನ ಸೆಟ್ಟು ತೆಗೆದರೆ ತುಟಿ ಒಳಕ್ಕೆ ಹೋಗುತ್ತದೆ, ಗದ್ದ ಮೇಲೇರುತ್ತದೆ, ‘ಸ’ ಮತ್ತು ‘ಫ’ ಗಾಳಿಯಾಗಿ ಸೋರುತ್ತವೆ. ನಲವತ್ತರ ಗಂಡಸು ಎಪ್ಪತ್ತರ ಮುದುಕನಾಗುತ್ತಾನೆ. ತೊಂದರೆಯೆಂದರೆ ಉದ್ದದ ವಾಕ್ಯ ಅರ್ಥವಾಗದೆ ಹೋಗುವುದು. ಅದಕ್ಕೇ ಹಲ್ಲಿಲ್ಲದ ಪಾತ್ರಗಳಲ್ಲಿ ಬ್ರೆನನ್ ಮಾತನ್ನು ತುಂಡು ತುಂಡಾಗಿ ಒಡೆದು, ದನಿ ಏರಿಸಿ, ಪ್ರತಿ ತುಂಡಿನ ಕೊನೆಯನ್ನು ಒತ್ತಿ ಹೇಳುತ್ತಾನೆ. 1948ರ ‘ರೆಡ್ ರಿವರ್’ನಲ್ಲಿ ಇದು ಕಥೆಯೊಳಗೇ ಬಂದಿದೆ. ಬ್ರೆನನ್‌ನ ಪಾತ್ರವಾದ ಅಡುಗೆ ಬಂಡಿಯ ಗ್ರೂಟ್ ಜೂಜಿನಲ್ಲಿ ತನ್ನ ಹಲ್ಲಿನ ಸೆಟ್ಟನ್ನೇ ಸೋತು, ಊಟದ ಹೊತ್ತಿಗೆ ಮಾತ್ರ ಅದನ್ನು ಕೇಳಿ ಪಡೆಯಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ಅದೊಂದು ಗಿಮಿಕ್ಕು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದಕ್ಕೆ ಎರಡು ವರ್ಷ ಮೊದಲು ಬಂದ ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ ನೋಡಿ. ಅಲ್ಲಿ ಮುದುಕ ಕ್ಲಾಂಟನ್ ಆಗಿ ಅದೇ ಬ್ರೆನನ್ ದನಿಯನ್ನು ತಗ್ಗಿಸಿ, ಮೈಯನ್ನು ಅಲುಗಿಸದೆ ನಿಲ್ಲುತ್ತಾನೆ. ಬೆಳೆದ ಮಕ್ಕಳಿಗೆ ಚಾಟಿಯಲ್ಲಿ ಬಾರಿಸಿ, ಬಂದೂಕು ಎಳೆದ ಮೇಲೆ ಕೊಲ್ಲಬೇಕು ಎಂದು ಪಾಠ ಹೇಳುತ್ತಾನೆ. ಎಲ್ಲರನ್ನೂ ನಗಿಸುವ ಮುದುಕ ಇವನೇ ಎಂದು ನಂಬುವುದು ಕಷ್ಟ.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ‘ಭೂತಯ್ಯನ ಮಗ ಅಯ್ಯು’ವಿನ ಉಪ್ಪಿನಕಾಯಿ ದೃಶ್ಯದಲ್ಲಿ ಲೋಕನಾಥ್ ಅವರು ಮಾಡಿದ್ದೂ ಬಾಯಿ, ನಾಲಿಗೆ, ಒಂದು ವಸ್ತು, ಇಷ್ಟರಿಂದಲೇ ಹುಟ್ಟಿದ ಪಾತ್ರ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಮಂದವಾಗಿತ್ತು. ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಅಷ್ಟಿದ್ದೂ ಅವರ ಟೈಮಿಂಗ್ ಹೇಗಿತ್ತು ಎನ್ನುವುದಕ್ಕೆ ‘ಬಂಗಾರದ ಮನುಷ್ಯ’ದ ರಾಚೂಟಪ್ಪ ಸಾಕು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಅವರನ್ನು ಅರಿಯದ ಕನ್ನಡಿಗರಿಲ್ಲ.

ವ್ಯತ್ಯಾಸ ಶುರುವಾಗುವುದು ಇಲ್ಲಿಂದ. ಆಸ್ಕರ್‌ನವರು 1936ರ ಚಿತ್ರಗಳಿಂದಲೇ ಪೋಷಕ ನಟ, ಪೋಷಕ ನಟಿ ಎಂಬ ವಿಭಾಗಗಳನ್ನು ತೆರೆದರು. ಮೊದಲ ಪೋಷಕ ನಟ ಪ್ರಶಸ್ತಿ ಬ್ರೆನನ್‌ಗೆ, ‘ಕಮ್ ಆ್ಯಂಡ್ ಗೆಟ್ ಇಟ್’ ಚಿತ್ರದ ಸ್ವೀಡಿಷ್ ಮರ ಕಡಿಯುವವನ ಪಾತ್ರಕ್ಕೆ. 1938ರ ‘ಕೆಂಟಕಿ’ಗೆ ಎರಡನೆಯದು, 1940ರ ‘ದಿ ವೆಸ್ಟರ್ನರ್’ಗೆ ಮೂರನೆಯದು. ನಟನೆಗೆ ಮೂರು ಆಸ್ಕರ್ ಮುಟ್ಟಿದ ಮೊದಲಿಗ ನಾಯಕನಲ್ಲ, ಈ ಪೋಷಕ ನಟ. ನಮ್ಮ ರಾಷ್ಟ್ರ ಪ್ರಶಸ್ತಿಗಳಲ್ಲಿ ಪೋಷಕ ನಟ ವಿಭಾಗ ಬಂದದ್ದು 1984ರ ಚಿತ್ರಗಳಿಗೆ. ಅಷ್ಟರಲ್ಲಿ ನರಸಿಂಹರಾಜು ತೀರಿಕೊಂಡು ಐದು ವರ್ಷವಾಗಿತ್ತು.

ಹಾಲಿವುಡ್‌ನ ಪದ್ಧತಿಯೂ ಶುದ್ಧವಾಗಿರಲಿಲ್ಲ, ಅದನ್ನೂ ಹೇಳಬೇಕು. ಆ ವರ್ಷಗಳಲ್ಲಿ ಸಾವಿರಾರು ಎಕ್ಸ್‌ಟ್ರಾಗಳಿಗೂ ಆಸ್ಕರ್ ಮತವಿತ್ತು. ತಮ್ಮೊಳಗಿನಿಂದ ಮೇಲೆ ಬಂದ ಬ್ರೆನನ್‌ಗೆ ಅವರು ಒಟ್ಟಾಗಿ ಮತ ಹಾಕಿದರು ಎಂಬ ಮಾತು ಆಗಲೇ ಇತ್ತು. ಮುಂದೆ ಆಸ್ಕರ್ ಕೊಡುವ ಅಕಾಡೆಮಿ ಆ ಹಕ್ಕನ್ನು ತೆಗೆದುಹಾಕಿತು. ‘ಕೆಂಟಕಿ’ಯ ಪ್ರಶಸ್ತಿ ಹೆಚ್ಚಾಯಿತು ಎಂದೇ ನನಗನ್ನಿಸುತ್ತದೆ. ಇನ್ನೊಂದು ತಾರತಮ್ಯವೂ ಇತ್ತು. ಆರಂಭದ ವರ್ಷಗಳಲ್ಲಿ ಪೋಷಕ ನಟರಿಗೆ ಪೂರ್ಣ ಪ್ರತಿಮೆ ಕೊಡದೆ ಒಂದು ಫಲಕ ಕೊಡುತ್ತಿದ್ದರು. 1943ರ ಚಿತ್ರಗಳಿಗೆ ಕೊಡುವ ಹೊತ್ತಿಗೆ ಅದು ಸರಿಹೋಯಿತು. ಆರು ಸಲ ನಾಮನಿರ್ದೇಶನಗೊಂಡ ಪೋಷಕ ನಟಿ ಥೆಲ್ಮಾ ರಿಟರ್‌ಗೆ ಒಂದೂ ಬರಲಿಲ್ಲ.

ದುಡ್ಡಿನ ವಿಷಯದಲ್ಲೂ ಅಲ್ಲಿನವರು ಜಗಳವಾಡಿಯೇ ಪಡೆದದ್ದು. 1960ರಲ್ಲಿ ನಟರ ಸಂಘ ಮುಷ್ಕರ ಹೂಡಿದ ಮೇಲೆ, ಅಲ್ಲಿಂದಾಚೆಗಿನ ಚಿತ್ರಗಳು ಟಿ.ವಿ.ಯಲ್ಲಿ ಬಂದಾಗಲೆಲ್ಲ ನಟರಿಗೆ ಪಾಲು ಎಂದಾಯಿತು. ಅದಕ್ಕೂ ಹಿಂದಿನ ಚಿತ್ರಗಳಿಗೆ ಯಾರಿಗೂ ಬಿಡಿಯಾಗಿ ಪಾಲಿಲ್ಲ. ಬದಲಿಗೆ ನಿರ್ಮಾಪಕರು 22.5 ಲಕ್ಷ ಡಾಲರ್ ಇಡುಗಂಟನ್ನು ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಕೊಟ್ಟರು. ಈ ಪಾಲು ಹಂಚಬೇಕೆಂದರೆ ಯಾವ ಚಿತ್ರದಲ್ಲಿ ಯಾರು ಎಷ್ಟು ದಿನ ಕೆಲಸ ಮಾಡಿದರು ಎಂಬ ಕಾಗದ ಇರಲೇಬೇಕು. ಹಾಲಿವುಡ್‌ನಲ್ಲಿ ದಾಖಲೆ ಉಳಿದಿರುವುದಕ್ಕೆ ಕಲಾಪ್ರೇಮ ಒಂದೇ ಕಾರಣವಲ್ಲ. ನಮ್ಮಲ್ಲಿ ಪೋಷಕ ನಟರು ಕಾಲ್‌ಶೀಟ್ ಲೆಕ್ಕದಲ್ಲಿ ದುಡ್ಡು ಪಡೆದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕಾಗದ ಇಟ್ಟುಕೊಳ್ಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಬೆವರ್ಲಿ ಹಿಲ್ಸ್‌ನಲ್ಲಿ ಹಿಂದೆ ನೀರು ಶುದ್ಧೀಕರಣ ಘಟಕವಾಗಿದ್ದ ಕಟ್ಟಡದಲ್ಲಿ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯವಿದೆ. ಗುರುತಿನ ಚೀಟಿ ತೋರಿಸಿ ಯಾರು ಬೇಕಾದರೂ ಕೂತು ಹಳೆಯ ಚಿತ್ರಕಥೆ, ಸ್ಥಿರಚಿತ್ರ, ಪತ್ರಿಕಾ ತುಣುಕುಗಳನ್ನು ನೋಡಬಹುದು. ಹೆಸರಿಲ್ಲದ ಎಕ್ಸ್‌ಟ್ರಾನನ್ನೂ ಗುರುತಿಸಲು ಸಾಧ್ಯವಾಗುವುದು ಇಂಥ ಕಡೆ ಕಾಗದ ಉಳಿದಿರುವುದರಿಂದ. ಅನೇಕ ಹಾಲಿವುಡ್ ಚಿತ್ರಗಳಲ್ಲಿ ನಟನ ಹೆಸರಿನ ಎದುರಿಗೆ ಪಾತ್ರದ ಹೆಸರೂ ಇರುತ್ತದೆ. ನಮ್ಮ ಟೈಟಲ್ ಕಾರ್ಡುಗಳಲ್ಲಿ ‘ತಾರಾಗಣ’ ಎಂದು ಹೆಸರುಗಳ ಸಾಲಷ್ಟೇ. ಮೂವತ್ತು ಹೆಸರಿನಲ್ಲಿ ಅಂಗಡಿಯವನಾಗಿ ನಟಿಸಿದ್ದು ಯಾರು, ಪೊಲೀಸಿನವನಾಗಿ ಯಾರು ಎಂಬುದು ಆಗಿನವರ ನೆನಪಿನಲ್ಲಿ ಮಾತ್ರ ಉಳಿದಿದೆ. ಆ ತಲೆಮಾರು ಈಗ ಹೋಗುತ್ತಿದೆ.

ಆದ್ದರಿಂದ ಕೆಲಸ ಈಗಲೇ ಶುರುವಾಗಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಮುಂದಾದರೆ ಒಳ್ಳೆಯದು, ಆಗದಿದ್ದರೆ ಆಸಕ್ತರೇ ಊರೂರಲ್ಲಿ ಮಾಡಬಹುದು. ಮೊದಲ ಆಕರ ಥಿಯೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಕಥಾಸಾರಾಂಶ, ತಾರಾಗಣ, ಹಾಡು ಮೂರೂ ಅದರಲ್ಲಿರುತ್ತವೆ. ಪುಣೆಯ ಚಿತ್ರ ಸಂಗ್ರಹಾಲಯದಲ್ಲೂ ಹಾಡಿನ ಪುಸ್ತಕಗಳ ಸಂಗ್ರಹವಿದೆ. ಎರಡನೆಯದು ಸೆನ್ಸಾರ್ ಸರ್ಟಿಫಿಕೇಟು. ಅದರಲ್ಲಿ ದಿನಾಂಕ, ಮೀಟರ್ ಲೆಕ್ಕದಲ್ಲಿ ಉದ್ದ, ರೀಲು ಸಂಖ್ಯೆ ಸಿಗುತ್ತವೆ. ಡಿಸೆಂಬರಿನಲ್ಲಿ ಸೆನ್ಸಾರಾಗಿ ಜನವರಿಯಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಎರಡು ವರ್ಷ ಅಂಟಿಕೊಳ್ಳುತ್ತವೆ, ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು. ‘ನಾಗರಹಾವು’ 1972ರಲ್ಲೂ ಇದೆ, 2016ರಲ್ಲೂ ಇದೆ, ಬರೀ ಚಿತ್ರದ ಹೆಸರು ಬರೆದರೆ ಗೋಜಲಾಗುತ್ತದೆ. ನಟರ ಹೆಸರಿನ ಇನಿಷಿಯಲ್ ಬಿಡಬಾರದು. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಗಿದ್ದರೆ ಡಬ್ಬಿಂಗ್ ಕಲಾವಿದರಿಗೆ ಪ್ರತ್ಯೇಕ ಕಾಲಂ ಬೇಕು. ಟಿ.ವಿ. ಮತ್ತು ಯೂಟ್ಯೂಬ್ ಪ್ರಿಂಟುಗಳಲ್ಲಿ ಟೈಟಲ್ ಕತ್ತರಿಸಿರುತ್ತಾರೆ, ಅದನ್ನೇ ನಂಬಿ ಪಟ್ಟಿ ಮಾಡಿದರೆ ಕೊನೆಯ ಕಾರ್ಡಿನ ಹೆಸರುಗಳು ಹೋಗುತ್ತವೆ. ಮುಖ ಗುರುತಿಸುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ನಿಮಿಷ, ಸೆಕೆಂಡು, ಪಾತ್ರ, ನಟನ ಹೆಸರು, ಗುರುತಿಸಿದವರು ಯಾರು, ಇಷ್ಟನ್ನು ಬರೆದುಕೊಂಡರೆ ಮುಂದಿನವರು ಅದನ್ನು ತಾಳೆ ನೋಡಬಹುದು.