ಹಿಡಿಸದ ಪಾತ್ರೆ

ಜ್ವರ ಬಂತೆಂದು ರಜೆಚೀಟಿಯಲ್ಲಿ ‘ಐ ಆಮ್ ಇನ್‌ಕೇಪಬಲ್ ಟು ಅಟೆಂಡ್ ಆಫೀಸ್’ ಎಂದು ಬರೆದವನಿಗೆ ರಜೆಯೇನೋ ಸಿಗುತ್ತದೆ. ಆದರೆ ಆ ವಾಕ್ಯವನ್ನು ಇದ್ದಂತೆಯೇ ಓದಿದರೆ, ಆಫೀಸಿಗೆ ಬರುವ ಯೋಗ್ಯತೆಯೇ ನನಗಿಲ್ಲ ಎಂದು ಸಹಿ ಹಾಕಿ ಕೊಟ್ಟಂತಾಗಿದೆ. ಜ್ವರ ಇಳಿಯುತ್ತದೆ, ಈ ಕೊರತೆ ಇಳಿಯುವಂಥದ್ದಲ್ಲ. ಅಲ್ಲಿ ಬೇಕಿದ್ದ ಪದ ‘ಅನೇಬಲ್’.

ಅನೇಬಲ್ ಸಾಮಾನ್ಯವಾಗಿ ಸಂದರ್ಭದ ಮಾತು: ಬಸ್ಸು ತಪ್ಪಿತು, ಕಾಲು ಉಳುಕಿತು, ದುಡ್ಡು ಸಾಲಲಿಲ್ಲ. ಇನ್‌ಕೇಪಬಲ್ ಹುಟ್ಟುಗುಣದ ಕಡೆ ಬೆರಳು ಮಾಡುತ್ತದೆ. ಹಾಗಂತ ಅದು ಯಾವಾಗಲೂ ಬೈಗುಳವಲ್ಲ. ‘ಇನ್‌ಕೇಪಬಲ್ ಆಫ್ ಲೈಯಿಂಗ್’ ಎಂದರೆ ಸುಳ್ಳು ಅವನ ಜಾಯಮಾನದಲ್ಲೇ ಇಲ್ಲ ಎಂಬ ಹೊಗಳಿಕೆ. ಅದನ್ನೇ ‘ಅನೇಬಲ್ ಟು ಲೈ’ ಎಂದು ನೋಡಿ, ಸಾಕ್ಷಿ ಎದುರಿಗೇ ಕೂತಿದ್ದರಿಂದ ಬೇರೆ ದಾರಿ ಕಾಣಲಿಲ್ಲವೇನೋ ಎಂಬ ಅನುಮಾನ ಬರುತ್ತದೆ.

‘ಇನ್‌ಕೇಪಬಲ್ ಟು’ ಎಂಬ ತಪ್ಪಿನ ಬೇರು ನಮ್ಮ ‘-ಲು’ ಪ್ರತ್ಯಯದಲ್ಲಿರಬೇಕು. ‘ಮಾಡಲು ಅಸಮರ್ಥ’ ಎಂದು ಮನಸ್ಸಿನಲ್ಲಿ ಮೂಡಿದ್ದೇ ಪೆನ್ನು ‘ಟು’ ಬರೆದುಬಿಡುತ್ತದೆ. ಅನೇಬಲ್‌ಗೆ ‘ಟು’ ಮತ್ತು ಬರಿಯ ಕ್ರಿಯಾಪದ. ಇನ್‌ಕೇಪಬಲ್‌ಗೆ ‘ಆಫ್’ ಮತ್ತು ‘ಇಂಗ್’ ಹಚ್ಚಿದ ಕ್ರಿಯಾಪದ, ಇಲ್ಲವೇ ನಾಮಪದ. ಇನ್ನೊಂದು ಗುಟ್ಟು: ‘ಇನ್‌ಕೇಪಬಲ್ ಆಫೀಸರ್’ ನಡೆಯುತ್ತದೆ, ‘ಅನೇಬಲ್ ಆಫೀಸರ್’ ನಡೆಯುವುದಿಲ್ಲ. ಭಾಷೆಯಲ್ಲಿ ಮಾತ್ರ, ಕಚೇರಿಗಳಲ್ಲಿ ಎರಡೂ ಧಾರಾಳವಾಗಿ ನಡೆಯುತ್ತವೆ.

ಕೇಪಬಲ್‌ನ ಮೂಲ ಲ್ಯಾಟಿನ್ನಿನ ‘ಕಾಪೆರೆ’, ಅಂದರೆ ಹಿಡಿ, ತೆಗೆದುಕೊ. ಕೆಪಾಸಿಟಿಯೂ ಅದೇ ಮನೆತನದ್ದು. ಈ ಕೊಡದಲ್ಲಿ ಹತ್ತು ಲೀಟರು ಹಿಡಿಸುತ್ತದೆ ಅನ್ನುತ್ತೇವಲ್ಲ, ಆ ಹಿಡಿಸುವಿಕೆಯೇ ಕೇಪಬಲ್‌ನ ಒಳಗಿರುವುದು. ಇನ್‌ಕೇಪಬಲ್ ಎಂದರೆ ಹಿಡಿಸದ ಪಾತ್ರೆ. ಸಂಸ್ಕೃತದವರೂ ಇದೇ ಅಡುಗೆಮನೆಗೆ ಹೋಗಿ ‘ಪಾತ್ರ’ವನ್ನು ತಂದು ಅರ್ಹತೆಯ ಅರ್ಥ ತುಂಬಿದರು, ಅದಿಲ್ಲದವನು ‘ಅಪಾತ್ರ’, ಅವನಿಗೆ ಕೊಟ್ಟದ್ದು ಅಪಾತ್ರದಾನ. ಹ್ಯಾಮ್ಲೆಟ್ ನಾಟಕದಲ್ಲಿ ನೀರುಪಾಲಾಗುತ್ತಿರುವ ಒಫೀಲಿಯಾಳನ್ನು ತನ್ನ ಸಂಕಟಕ್ಕೇ ಇನ್‌ಕೇಪಬಲ್ ಆದವಳಂತೆ ಇದ್ದಳು ಎಂದು ವರ್ಣಿಸುವ ಮಾತು ಬರುತ್ತದೆ. ಅಲ್ಲಿ ಅಸಮರ್ಥೆ ಎಂದು ಅನುವಾದಿಸಿದರೆ ಕೆಟ್ಟಿತು. ಮುಳುಗುತ್ತಿದ್ದೇನೆಂಬುದೇ ಆ ಪಾತ್ರೆಗೆ ಇಳಿದಿಲ್ಲ, ಹಾಡುತ್ತಿದ್ದಾಳೆ.

ಇದರ ದಾಯಾದಿ ‘ಇನ್‌ಕಾಂಪಿಟೆಂಟ್’ ಇನ್ನೂ ಅಪಾಯದ್ದು. ಆಫೀಸಿನಲ್ಲಿ ಅದು ಬೈಗುಳ. ಕೋರ್ಟಿನಲ್ಲಿ ಹಾಗಲ್ಲ: 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಪ್ತ ವಯಸ್ಸಾಗದವರು ಕರಾರು ಮಾಡಿಕೊಳ್ಳಲು ಕಾಂಪಿಟೆಂಟ್ ಅಲ್ಲ, ಹದಿನೇಳರ ಹುಡುಗಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದರೂ ಅಷ್ಟೆ. ಈ ಕಾಂಪಿಟೆಂಟ್‌ಗೆ ನಮ್ಮ ಸರ್ಕಾರಿ ಕನ್ನಡ ‘ಸಕ್ಷಮ’ ಎಂಬ ಒಳ್ಳೆಯ ಪದವನ್ನು ಇಟ್ಟುಕೊಂಡಿದೆ. ಸಕ್ಷಮ ಪ್ರಾಧಿಕಾರ ಎಂದಾಗ ಜಾಣತನದ ಮಾತಿಲ್ಲ, ಅಧಿಕಾರವ್ಯಾಪ್ತಿಯದಷ್ಟೆ. ಆಸ್ಪತ್ರೆಯ ವರದಿಯಲ್ಲಿ ಹೃದಯದ ಕವಾಟ ‘ಇನ್‌ಕಾಂಪಿಟೆಂಟ್’ ಎಂದಿದ್ದರೆ, ಅದು ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತಿದೆ ಎಂದರ್ಥ. ಕವಾಟವನ್ನು ಯಾರೂ ಬೈದಿಲ್ಲ.

ಕನ್ನಡದಲ್ಲಿ ಅಸಮರ್ಥ, ಅಶಕ್ತ, ಅನರ್ಹ, ಅಯೋಗ್ಯ ಎಂದು ಸಾಲಾಗಿ ನಿಲ್ಲಿಸಬಹುದು. ಅಶಕ್ತರಿಗೆ ಕನಿಕರ ಸಿಗುತ್ತದೆ, ಅಯೋಗ್ಯನಿಗೆ ಒದೆ. ಆದರೆ ಇವೆಲ್ಲ ಬರವಣಿಗೆಯ ಸಾಮಗ್ರಿ. ಬಾಯಿಮಾತಿಗೆ ಬೇರೆ ಏರ್ಪಾಡಿದೆ. ಕಲಿಯದಿದ್ದರೆ ‘ಈಜು ಬರಲ್ಲ’: ಈಜೇ ನಮ್ಮ ಹತ್ತಿರ ಬರಬೇಕಿತ್ತು, ಬರಲಿಲ್ಲ, ತಪ್ಪು ಅದರದು. ತ್ರಾಣ ಸಾಲದಿದ್ದರೆ ‘ನನ್ನ ಕೈಲಾಗಲ್ಲ’: ದೋಷವೆಲ್ಲ ಕೈಯದು, ಮಹಡಿ ಹತ್ತಬೇಕಾದದ್ದು ಕಾಲಾದರೂ. ಬಲ್ಲೆ ಎನ್ನುವುದಕ್ಕೆ ಎದುರಾಗಿ ‘ಲಾರೆ’ ಇದೆ, ಮಾಡಬಲ್ಲೆ, ಮಾಡಲಾರೆ. ಮನಸ್ಸಿಲ್ಲದವನಿಗೆ ‘ಒಲ್ಲೆ’. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯಲ್ಲಿ ‘ಲಾರ’ ತೆಗೆದು ‘ಒಲ್ಲ’ ಹಾಕಿದರೆ ಗಾದೆಯೇ ಕುಸಿಯುತ್ತದೆ, ಕುಣಿಯಲೊಲ್ಲದವಳಿಗೆ ನೆಲದ ಮೇಲೆ ಯಾವ ದೂರೂ ಇರಬೇಕಿಲ್ಲ.

ಇಷ್ಟು ನಾಜೂಕು ವ್ಯತ್ಯಾಸಗಳನ್ನೆಲ್ಲ ಒಂದೇ ಏಟಿಗೆ ನುಂಗುವ ಪದವೂ ನಮ್ಮಲ್ಲಿದೆ: ‘ಆಗಲ್ಲ’. ಕೌಂಟರಿನ ಆಚೆಯಿಂದ ಬರುವ ‘ಇವತ್ತು ಆಗಲ್ಲ’ದಲ್ಲಿ ಸರ್ವರ್ ಕೆಟ್ಟಿರಬಹುದು, ಗುಮಾಸ್ತರಿಗೆ ಕೆಲಸ ಗೊತ್ತಿಲ್ಲದಿರಬಹುದು, ಸಹಿ ಹಾಕುವ ಅಧಿಕಾರ ಅವರಿಗಿಲ್ಲದಿರಬಹುದು, ಅಥವಾ ಊಟದ ಹೊತ್ತಾಗಿರಬಹುದು. ಇಂಗ್ಲಿಷಿಗೆ ತರುವವರು ಅನೇಬಲ್, ಇನ್‌ಕೇಪಬಲ್, ಇನ್‌ಕಾಂಪಿಟೆಂಟ್‌ಗಳಲ್ಲಿ ಒಂದನ್ನು ಆರಿಸುವ ಮೊದಲು ‘ಯಾಕೆ ಸಾರ್?’ ಎಂದು ಕೇಳಲೇಬೇಕು.