ಒಂಬತ್ತು ಗಂಟೆಯಲ್ಲಿ ಎಷ್ಟು ಊರು ನೋಡ್ತೀರಿ?

ನಮ್ಮ ಕಾಸರಗೋಡು ಕಡೆ ಯಾರಾದರೂ ವಿದೇಶಕ್ಕೆ ಹೊರಟರೆ ಮೊದಲ ಪ್ರಶ್ನೆ, "ಡೈರೆಕ್ಟಾ, ನಡುವೆ ಇಳಿಲಿಕ್ಕುಂಟಾ?" ಇಳಿಲಿಕ್ಕುಂಟು ಅಂದರೆ ಸಾಕು, ಅಯ್ಯೋ ಪಾಪ ಅನ್ನುವ ಮುಖ ಮಾಡುತ್ತಾರೆ. ನನಗೀಗ ನಡುವೆ ಇಳಿಯುವ ಟಿಕೆಟೇ ಇಷ್ಟ. ಆದರೆ ಆ ಬುದ್ಧಿ ಬಂದದ್ದು ಒಮ್ಮೆ ಚೆನ್ನಾಗಿ ಪೆಟ್ಟು ತಿಂದ ಮೇಲೆ.

ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಮಂಗಳೂರು ನಮಗೆ ಒಂದು ಗಂಟೆಯ ದಾರಿ, ಆದರೂ ಟಿಕೆಟ್ ಸಿಕ್ಕಿದ್ದು ಕಲ್ಲಿಕೋಟೆಯ ಕರಿಪ್ಪೂರಿನಿಂದ, ಕತಾರಿನ ದೋಹಾ ದಾರಿಯಾಗಿ. ಮುಂದಿನ ವಿಮಾನಕ್ಕೆ ಕಾಯುವ ಲೇಓವರ್ ಹೋಗುವಾಗ ದೋಹಾದಲ್ಲಿ ಒಂಬತ್ತು ಗಂಟೆ, ಬರುವಾಗ ಎಂಟು. ಬೆಂಗಳೂರಿನ ಭಾವನಿಗೆ ಸುದ್ದಿ ಮುಟ್ಟಿತು. ಅವರು ವಾಟ್ಸಾಪಿನಲ್ಲಿ ಒಂದು ಪಟ್ಟಿಯನ್ನೇ ಕಳಿಸಿದರು: ಇಸ್ಲಾಮಿಕ್ ಕಲಾ ಮ್ಯೂಸಿಯಂ, ಕಡಲ ದಂಡೆಯ ಕಾರ್ನಿಶ್ ರಸ್ತೆ, ಸೂಕ್ ವಾಕಿಫ್ ಸಂತೆ, ಕತಾರಾ ಸಾಂಸ್ಕೃತಿಕ ಗ್ರಾಮ, ಪರ್ಲ್ ದ್ವೀಪ. ಎದುರಿಗೆಲ್ಲ ನಿಮಿಷದ ಲೆಕ್ಕ.

ಅದನ್ನು ನಂಬಿ ಜೂನ್ ತಿಂಗಳ ನಡು ಮಧ್ಯಾಹ್ನ ನಾನೂ ಹೆಂಡತಿಯೂ ಓಡಿದೆವು. ಮ್ಯೂಸಿಯಂ ಭಾರೀ ಚೆಂದ, ಸುಳ್ಳು ಹೇಳುವುದಿಲ್ಲ. ಐ. ಎಂ. ಪೇ ಅನ್ನುವ ದೊಡ್ಡ ವಾಸ್ತುಶಿಲ್ಪಿ ಸಮುದ್ರದ ನೀರಿನ ನಡುವೆಯೇ ಕಟ್ಟಿಸಿದ್ದು, 2008ರಲ್ಲಿ ತೆರೆದದ್ದು. ಅಲ್ಲಿ ನಮಗೆ ಪಟ್ಟಿ ಕೊಟ್ಟದ್ದು ನಲವತ್ತು ನಿಮಿಷ. ಸಂತೆಗೆ ಹೋದರೆ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿವೆ. ಮಧ್ಯಾಹ್ನ ಮುಚ್ಚಿ ಸಂಜೆಗೆ ತೆರೆಯುವುದು ಅಲ್ಲಿನ ಕ್ರಮ. ಆ ಬಿಸಿಲಿಗೆ ಇನ್ನೇನು ಮಾಡಿಯಾರು? ಕಾರ್ನಿಶ್‌ನಲ್ಲಿ ನೆರಳಿಲ್ಲ. ಟ್ಯಾಕ್ಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಗೇಟು ಮುಟ್ಟಿದಾಗ ಮುಚ್ಚಲು ಹತ್ತು ನಿಮಿಷ ಬಾಕಿ. ಮ್ಯಾಂಚೆಸ್ಟರ್ ಬರುವವರೆಗೆ ಹೆಂಡತಿ ನನ್ನಲ್ಲಿ ಮಾತಾಡಲಿಲ್ಲ.

ಆ ವಿಮಾನದಲ್ಲಿ ಕೂತು ನನಗೆ ನೆನಪಾದದ್ದು ಅಪ್ಪ. ಅಡಿಕೆ ಮಾರಲು ಮಂಗಳೂರಿಗೆ ಹೋಗುತ್ತಿದ್ದರು. ವ್ಯಾಪಾರ ಹನ್ನೊಂದಕ್ಕೆ ಮುಗಿದರೂ ಹಿಂದೆ ಬರುವ ರೈಲು ಸಂಜೆಗೆ. ಆರು ಗಂಟೆ ಅಪ್ಪ ಎಂತ ಮಾಡುತ್ತಿದ್ದರು? ಮಂಗಳೂರು 'ನೋಡುತ್ತಿರಲಿಲ್ಲ'. ಬಂದರಿನ ಹತ್ತಿರ ಪರಿಚಯದ ಒಂದು ಅಂಗಡಿ, ಅದರ ಮುಂದೆ ಒಂದು ಬೆಂಚು. ಒಂದು ಪ್ಲೇಟು ಗೋಳಿಬಜೆ. ಅಲ್ಲೇ ಕೂತು ಎದುರಿನ ರಸ್ತೆ ನೋಡುವುದು, ಅಷ್ಟೆ. ಆದರೆ ಆ ಒಂದು ರಸ್ತೆಯ ಬಗ್ಗೆ ಅವರು ನಮಗೆ ಹೇಳಿದಷ್ಟು ಕತೆಗಳನ್ನು, ಅಲ್ಲೇ ಮೂವತ್ತು ವರ್ಷ ಕೆಲಸ ಮಾಡಿದವರೂ ಹೇಳಲಾರರು.

ಕಾಯುವುದರಲ್ಲಿ ನಾವು ಕಾಸರಗೋಡಿನವರು ಪಳಗಿದವರೇ ಅಲ್ವಾ? ನಮ್ಮನ್ನು ಹೊರನಾಡ ಕನ್ನಡಿಗರು ಅನ್ನುತ್ತಾರೆ, ನಾವೇನೂ ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯದ ಗೆರೆ ಆಚೀಚೆ ಆಗಿ ಊರು ಕೇರಳಕ್ಕೆ ಸೇರಿತು, ನಾವು ಇದ್ದಲ್ಲೇ ಇದ್ದೇವೆ. ಅಂದಿನಿಂದ ಇದೊಂದು ಉದ್ದದ ಲೇಓವರ್ ಅಂತ ನಾನು ತಮಾಷೆ ಮಾಡುವುದುಂಟು. ಕೆಲವರಿಗೆ ಸಿಟ್ಟು ಬರುತ್ತದೆ.

ಇರಲಿ. ಬರುವಾಗ ಅಪ್ಪನ ಕ್ರಮವನ್ನೇ ಹಿಡಿದೆ. ಮೊದಲು ಗಂಟೆಯ ಲೆಕ್ಕ. ಎಂಟು ಗಂಟೆ ಅಂದರೆ ಎಂಟಲ್ಲ ಮಾರಾಯ್ರೆ. ಇಳಿದು ಇಮಿಗ್ರೇಷನ್ ದಾಟಲು ಒಂದು ಗಂಟೆ ಹೋಯಿತು. ಹೋಗಿ ಬರಲು ಇನ್ನೊಂದು. ವಿಮಾನಕ್ಕೆ ಮೂರು ಗಂಟೆ ಮೊದಲು ವಾಪಸ್. ಉಳಿದದ್ದು ಬರೀ ಮೂರು. ಲೇಓವರ್ ಆರು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಆಸೆಯೇ ಬೇಡ. ವಿಮಾನ ನಿಲ್ದಾಣದ ಒಳಗೇ ಇರುವ 23 ಅಡಿಯ ಹಳದಿ ಕರಡಿಯ ಶಿಲ್ಪದ ಹತ್ತಿರ ಕೂತುಕೊಳ್ಳಿ, ಇಲ್ಲವಾದರೆ ನಿದ್ದೆ ಮಾಡಿ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಮಲಗುವ ಕೋಣೆ ಉಂಟು, ಬಿಟ್ಟಿ.

ಭಾರತದ ಪಾಸ್‌ಪೋರ್ಟಿಗೆ ಕತಾರಿನಲ್ಲಿ ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ಆದರೆ ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರಬೇಕು, ಮುಂದಿನ ಟಿಕೆಟ್ ಕೈಯಲ್ಲಿರಬೇಕು. ಹೋಟೆಲ್ ಬುಕಿಂಗ್ ಕೇಳುವುದೂ ಉಂಟು, ಹೊರಡುವ ಮೊದಲೇ ವಿಚಾರಿಸಿ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ ದೊಡ್ಡ ಪೆಟ್ಟಿಗೆ ತನ್ನಷ್ಟಕ್ಕೆ ಮುಂದೆ ಹೋಗುತ್ತದೆ. ಕೈಚೀಲದಲ್ಲಿ ಒಂದು ಅಂಗಿ ಇಟ್ಟುಕೊಂಡರೆ ಸಾಕು.

ಈ ಸಲ ಟ್ಯಾಕ್ಸಿ ಇಲ್ಲ. ವಿಮಾನ ನಿಲ್ದಾಣದಿಂದಲೇ ಮೆಟ್ರೋ, ಟಿಕೆಟಿಗೆ 2 ರಿಯಾಲ್, ಡ್ರೈವರ್ ಇಲ್ಲದ ರೈಲು. ಮುಶೈರಿಬ್‌ನಲ್ಲಿ ಕೆಂಪು ಲೈನಿನಿಂದ ಚಿನ್ನದ ಲೈನಿಗೆ ಬದಲಾಯಿಸಿದರೆ ಮುಂದಿನದೇ ಸೂಕ್ ವಾಕಿಫ್. ಸಂಜೆಯ ಸಂತೆ. ಒಂದು ಚಾದ ಅಂಗಡಿ, ಹೊರಗೆ ಬೆಂಚು. ನಾವಿಬ್ಬರೂ ಕನ್ನಡದಲ್ಲಿ ಸಣ್ಣಗೆ ಜಗಳ ಮಾಡುತ್ತಾ ಕೂತಿದ್ದೆವು. ಚಾ ತಂದ ಹುಡುಗ ನಿಂತ. "ಈರೆನ ಊರು ಓಲು?" ಅಂದ, ನಿಮ್ಮ ಊರು ಎಲ್ಲಿ ಅಂತ, ತುಳುವಿನಲ್ಲಿ! ನಮ್ಮ ಕಾಸರಗೋಡು ಕಡೆಯದೇ ಉಪ್ಪಳದವನು. ಆಮೇಲೆ ಕನ್ನಡ, ನಡುವೆ ಮಲಯಾಳ, ಒಳಗಿನ ಧಣಿಯ ಹತ್ತಿರ ಬ್ಯಾರಿ ಭಾಷೆ. ಊರಿನಲ್ಲಿ ಮಳೆ ಹೇಗುಂಟು ಅಂತ ಕೇಳಿದ. ನಾನು ಊರು ಬಿಟ್ಟು ಎರಡು ತಿಂಗಳು ಆಗಿತ್ತು, ಕೊನೆಗೆ ಅವನೇ ಫೋನ್ ನೋಡಿ ನನಗೆ ಊರಿನ ಮಳೆಯ ಸುದ್ದಿ ಹೇಳಿದ. "ದೋಹಾದಲ್ಲಿ ನೋಡ್ಲಿಕ್ಕೆ ಎಂತ ಉಂಟು ಸಾರ್?" ಅಂತ ನಕ್ಕ. ಗಲ್ಫಿನಲ್ಲಿ ದುಡಿಯುವ ನಮ್ಮ ಊರವರೆಲ್ಲ ಹೀಗೇ ಹೇಳುವುದು. ಅವರಿಗೆ ಅದು ಡ್ಯೂಟಿಯ ಊರು.

ಎದುರಿಗೆ ಹೊರೆ ಸಾಗಿಸುವ ಮುದುಕರು, ಮರೂನ್ ಬಣ್ಣದ ಜಾಕೆಟ್, ಒಂಟಿ ಚಕ್ರದ ಕೈಗಾಡಿ. ಅವರಲ್ಲಿ ಒಬ್ಬ ಬಿಳಿ ಗಡ್ಡದವನು ತನ್ನ ಗಾಡಿಯೊಳಗೇ ಕಾಲು ಹೊರಗೆ ಚಾಚಿ ಮಲಗಿದ್ದ. ಚಪ್ಪಲಿ ಮಾತ್ರ ಚಕ್ರದ ಪಕ್ಕ ಜೋಡಿಸಿಟ್ಟಿದ್ದ, ದೇವಸ್ಥಾನದ ಹೊರಗೆ ಇಟ್ಟ ಹಾಗೆ. ಆಮೇಲೆ ರಸ್ತೆ ದಾಟಿ ಮರದ ದೋಣಿಗಳನ್ನು ನೋಡಿ ಬಂದೆವು. ಇಂಥದ್ದೇ ಉರುಗಳನ್ನು ನಮ್ಮ ಕಲ್ಲಿಕೋಟೆಯ ಬೇಪೂರಿನಲ್ಲಿ ಕತಾರಿನವರಿಗೆ ಕಟ್ಟಿಕೊಡುತ್ತಾರೆ.

ಎಡವಟ್ಟು ಈ ಸಲವೂ ಆಯಿತು. ಖರ್ಜೂರದ ಪಾಕ, ನೋಡಲಿಕ್ಕೆ ನಮ್ಮ ಜೋನಿಬೆಲ್ಲದ ಹಾಗೆಯೇ, ಅರ್ಧ ಲೀಟರ್ ಕೊಂಡೆ. ವಾಪಸ್ ಬರುವಾಗ ಸೆಕ್ಯುರಿಟಿಯವರು ತೆಗೆದಿಟ್ಟುಕೊಂಡರು. 100 ಮಿಲಿಗಿಂತ ಜಾಸ್ತಿ ದ್ರವ ಕೈಚೀಲದಲ್ಲಿ ಬಿಡುವುದಿಲ್ಲ ಅಂತ ಗೊತ್ತಿತ್ತು, ಆದರೆ ನನ್ನ ತಲೆಯಲ್ಲಿ ಅದು ಬೆಲ್ಲ, ದ್ರವ ಅಲ್ಲ.

ಬಿಟ್ಟಿ ಟೂರುಗಳ ವಿಷಯ ಕೇಳುತ್ತೀರಿ ಅಂತ ಗೊತ್ತು. ಸಿಂಗಾಪುರದ ಚಾಂಗಿಯಲ್ಲಿ ಐದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಇರುವವರಿಗೆ, ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಏರ್‌ಲೈನ್ಸ್‌ನಲ್ಲಿ ಹೋಗುವವರಿಗೆ ಆರು ಗಂಟೆಯ ಮೇಲೆ ಇದ್ದರೆ, ಬಸ್ಸಿನಲ್ಲಿ ಊರು ತೋರಿಸುತ್ತಾರೆ. ಎರಡೂ ಕಡೆ ನಮ್ಮ ಪಾಸ್‌ಪೋರ್ಟಿಗೆ ವೀಸಾದ ತಕರಾರು ಉಂಟು, ಮೊದಲೇ ನೋಡಿಕೊಳ್ಳಬೇಕು. ದಾರಿ ತಪ್ಪುವ ಹೆದರಿಕೆ ಇದ್ದವರಿಗೆ ಒಳ್ಳೆಯದೇ. ನನಗೆ ಮಾತ್ರ ಬಸ್ಸಿನ ಕಿಟಕಿಗಿಂತ ಬೆಂಚು ಮೇಲು.

ಡಿಸೆಂಬರಿನಲ್ಲಿ ಮತ್ತೆ ಹೋಗಲಿಕ್ಕುಂಟು, ಈ ಸಲ ಹತ್ತು ಗಂಟೆ. ಭಾವ ಹೊಸ ಪಟ್ಟಿ ಕಳಿಸಿದ್ದಾರೆ. ಹೆಂಡತಿ ಓದದೆ ಡಿಲೀಟ್ ಮಾಡಿದಳು.